ಹೊಲಿಗೆಯಂತ್ರದಿಂದ ಓಣಿಯ ಹೆಸರಿನವರೆಗೆ

ಸಂಗೀತವೆಂದೊಡನೆ ನಮ್ಮ ತಲೆಮಾರಿನ ಗೃಹಿಣಿಯರಿಗೆ ನೆನಪಾಗುವುದು ಶುಕ್ರವಾರ ಸಂಜೆಯ ದೇವರನಾಮ, ಆಕಾಶವಾಣಿಯ ಭಾವಗೀತೆ, ರಾಮನವಮಿಯ ಚಪ್ಪರದಲ್ಲಿ ಪಾನಕ ಕೋಸಂಬರಿಗಳೊಡನೆ ದೊರೆಯುತ್ತಿದ್ದ ಕಛೇರಿ. ರಾಕ್ ಸಂಗೀತವು ನಮ್ಮ ಮನೆಗಳನ್ನು ಪ್ರವೇಶಿಸಿದ್ದು ಮಕ್ಕಳ ಕೋಣೆಯ ಬಾಗಿಲ ಸಂದಿನಿಂದ. ಅದನ್ನು ನಾನು ತಲೆದೂಗಿ ಆಲಿಸುತ್ತೇನೆಂದರೆ ಓದುಗರು ನಂಬಲಾರರು, ನಂಬಬೇಕಾಗಿಯೂ ಇಲ್ಲ. ಆದರೂ ಈ ಸಂಚಿಕೆಯ ಅಂಕಣಕ್ಕೆ ನಾನು ಆರಿಸಿಕೊಂಡಿರುವುದು ಒಂದು ರಾಕ್ ತಂಡದ ಕಥೆಯನ್ನೇ. ಅದು ನಾದದ ಕಥೆಯಾಗಿರುವಷ್ಟೇ ಒಂದು ವಲಸೆಗಾರ ಕುಟುಂಬದ ಕಥೆಯೂ ಹೌದು. ಸಿಡ್ನಿ ಮೆಲ್ಬರ್ನ್‌ಗಳಲ್ಲಿ ನಾವು ದಿನನಿತ್ಯ ಹಾದುಹೋಗುವ ಬಡಾವಣೆಗಳಲ್ಲಿಯೇ ನಡೆದದ್ದು.

ಮೆಲ್ಬರ್ನ್ ನಗರದ ಮಧ್ಯಭಾಗದಲ್ಲಿ, ಫ್ಲಿಂಡರ್ಸ್ ಲೇನಿಗೆ ಹೊಂದಿಕೊಂಡಂತೆ ಒಂದು ಕಿರಿದಾದ ಓಣಿಯಿದೆ. ಹಿಂದೆ ಅದಕ್ಕೆ ಕಾರ್ಪೊರೇಷನ್ ಲೇನ್ ಎಂಬ ನೀರಸವಾದ ಹೆಸರಿತ್ತು. 2004ರ ಅಕ್ಟೋಬರ್ 1ರಂದು ನಗರಸಭೆಯು ಅದಕ್ಕೆ 'ಎಸಿ ಡಿಸಿ ಲೇನ್' ಎಂದು ಮರುನಾಮಕರಣ ಮಾಡಿತು. ಎಸಿ ಡಿಸಿ ಎಂಬುದು ಆಸ್ಟ್ರೇಲಿಯಾದಿಂದ ಹೊರಟು ಜಗತ್ತಿನಾದ್ಯಂತ ಹೆಸರಾದ ರಾಕ್ ತಂಡ. ಇಂದು ಆ ಓಣಿಯ ಫಲಕದ ಮುಂದೆ ಪ್ರವಾಸಿಗರು ನಿಂತು ಭಾವಚಿತ್ರ ತೆಗೆಸಿಕೊಳ್ಳುತ್ತಾರೆ. ಆದರೆ ಈ ಫಲಕ ತೂಗುವ ಮೊದಲು ಆ ತಂಡ ನಡೆದು ಬಂದ ದಾರಿ ಎಂಥದು, ಆ ದಾರಿಯಲ್ಲಿ ಯಾರು ಯಾರು ಹೆಗಲು ಕೊಟ್ಟರು ಎಂಬುದನ್ನು ಫಲಕ ಹೇಳುವುದಿಲ್ಲ. ಹೇಳಬೇಕಾದ ಮಾತು ಇರುವುದು ಅಲ್ಲಿಯೇ.

1962-63ರ ಚಳಿಗಾಲ ಬ್ರಿಟನ್ನಿನಲ್ಲಿ ಅತಿ ಕಠೋರವಾಗಿತ್ತು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಕ್ರ್ಯಾನ್‌ಹಿಲ್ ಎಂಬ ಶ್ರಮಿಕರ ಬಡಾವಣೆಯಲ್ಲಿದ್ದ ವಿಲಿಯಂ ಯಂಗ್ ಮತ್ತು ಮಾರ್ಗರೆಟ್ ಯಂಗ್ ದಂಪತಿಗಳು 1963ರಲ್ಲಿ ತಮ್ಮ ದೊಡ್ಡ ಸಂಸಾರದೊಡನೆ ಆಸ್ಟ್ರೇಲಿಯಾಕ್ಕೆ ಹೊರಟರು. ಅಂದಿನ ಸರಕಾರಿ ಯೋಜನೆಯಂತೆ ವಯಸ್ಕರೊಬ್ಬರಿಗೆ ಪ್ರಯಾಣ ವೆಚ್ಚ ಕೇವಲ 10 ಪೌಂಡ್. ಆ 10 ಪೌಂಡಿನ ಟಿಕೆಟ್ಟು ನಮ್ಮ ಮೈಬಣ್ಣದವರಿಗಾಗಿ ಇರಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. 'ಬಿಳಿಯರ ಆಸ್ಟ್ರೇಲಿಯಾ' ನೀತಿಯ ಕೊನೆಯ ಕೊಂಡಿ ಕಳಚಿದ್ದು 1973ರಲ್ಲಿ. ಯಂಗ್ ಸಹೋದರರು ತಂಡ ಕಟ್ಟಿದ್ದೂ ಅದೇ ವರ್ಷದಲ್ಲಿ. ಅವರಿಗೆ ಹಾಡಿನ ದಾರಿ ತೆರೆದ ವರ್ಷವೇ ನಮಗೆ ಈ ನೆಲದ ಬಾಗಿಲು ತೆರೆಯಿತೆಂದು ಹೇಳಿದರೆ ತಪ್ಪಾಗಲಾರದು.

ಹಡಗಿನಲ್ಲಿಯೋ ವಿಮಾನದಲ್ಲಿಯೋ ಬಂದಿಳಿದ ವಲಸೆಗಾರರಿಗೆ ಅಂದು ಮೊದಲ ಆಶ್ರಯ ವಿಲ್ಲವುಡ್ಡಿನ ವಲಸೆಗಾರರ ವಸತಿಗೃಹ. ನಮ್ಮ ಮಾರ್ಸ್ಡನ್ ಪಾರ್ಕಿನಿಂದ ಕಾರಿನಲ್ಲಿ ಅರ್ಧ ಮುಕ್ಕಾಲು ಗಂಟೆಯ ಹಾದಿ. ಅರ್ಧಚಂದ್ರಾಕಾರದ ತಗಡಿನ ಮನೆಗಳು, ಎಲ್ಲರಿಗೂ ಒಂದೇ ಊಟದ ಮನೆ. ಆ ನೆಲದಲ್ಲಿ ಇಂದು ವಲಸೆ ಇಲಾಖೆಯ ಬಂಧನ ಕೇಂದ್ರವಿದೆ. 1964ರಲ್ಲಿ ಅಲ್ಲಿ ಪರಸ್ಪರ ಪರಿಚಿತರಾದ ಹುಡುಗರು ಸೇರಿ 'ಈಸಿಬೀಟ್ಸ್' ಎಂಬ ತಂಡ ಕಟ್ಟಿದರು. ಐವರಲ್ಲಿ ಇಬ್ಬರು ಹಾಲೆಂಡಿನವರು, ಇಬ್ಬರು ಇಂಗ್ಲೆಂಡಿನವರು, ಒಬ್ಬ ಸ್ಕಾಟ್ಲೆಂಡಿನವನು. ಆ ಸ್ಕಾಟಿಷ್ ಯುವಕನೇ ಯಂಗ್ ದಂಪತಿಗಳ ಮಗ ಜಾರ್ಜ್. 1966ರಲ್ಲಿ ಅವರ 'ಫ್ರೈಡೆ ಆನ್ ಮೈ ಮೈಂಡ್' ಎಂಬ ಹಾಡು ಸಮುದ್ರ ದಾಟಿ ಪ್ರಸಿದ್ಧಿ ಪಡೆಯಿತು. 1969ರ ಹೊತ್ತಿಗೆ ತಂಡ ಚದುರಿಹೋಯಿತು. ಕೀರ್ತಿ ಬಂದ ಪ್ರಮಾಣದಲ್ಲಿ ಹಣ ಬಂದಿರಲಿಲ್ಲ. ಆದರೆ ಜಾರ್ಜ್ ಅವರು ಕಲಿತ ಪಾಠ ವ್ಯರ್ಥವಾಗಲಿಲ್ಲ. ಅದು ಮನೆಯಲ್ಲಿದ್ದ ಇಬ್ಬರು ತಮ್ಮಂದಿರ ಪಾಲಿಗೆ ಮೂಲಧನವಾಯಿತು.

ಆ ತಮ್ಮಂದಿರೇ 1953ರಲ್ಲಿ ಜನಿಸಿದ ಮಾಲ್ಕಮ್ ಮತ್ತು 1955ರಲ್ಲಿ ಜನಿಸಿದ ಆ್ಯಂಗಸ್. ಕುಟುಂಬವು ಆ ವೇಳೆಗೆ ಸಿಡ್ನಿಯ ಬರ್ವುಡ್ಡಿನ ಬರ್ಲೆ ಬೀದಿಯಲ್ಲಿ ನೆಲೆಸಿತ್ತು. ಶಾಲೆ ಬಿಟ್ಟ ಬಳಿಕ ಮಾಲ್ಕಮ್ ಅವರು ಒಳಉಡುಪು ತಯಾರಿಸುವ ಬರ್ಲೈ ಕಾರ್ಖಾನೆಯಲ್ಲಿ ಹೊಲಿಗೆಯಂತ್ರಗಳನ್ನು ದುರಸ್ತಿ ಮಾಡುವ ಕೆಲಸಕ್ಕೆ ಸೇರಿದರು. ಆ್ಯಂಗಸ್ ಅವರು ಮುದ್ರಣದ ಕೆಲಸಕ್ಕೆ ಹೋದರು. ಹಗಲು ದುಡಿಮೆ, ಇರುಳು ಗಿಟಾರ್. ಅಣ್ಣನ ಜೊತೆಗಾರ ಹ್ಯಾರಿ ವಾಂಡಾ ಅವರು ಕೊಟ್ಟ ಗ್ರೆಟ್ಷ್ ಗಿಟಾರೇ ಮಾಲ್ಕಮ್ ಅವರ ಜೀವಮಾನದ ವಾದ್ಯವಾಯಿತು. 1973ರ ನವೆಂಬರಿನಲ್ಲಿ ತಂಡ ರೂಪುಗೊಂಡಿತು. ಆ ವರ್ಷದ ಕೊನೆಯ ರಾತ್ರಿ, ಡಿಸೆಂಬರ್ 31ರಂದು, ಸಿಡ್ನಿಯ ಚೆಕರ್ಸ್ ಎಂಬ ನೈಟ್ ಕ್ಲಬ್ಬಿನಲ್ಲಿ ಮೊದಲ ಕಛೇರಿ ನಡೆಯಿತು.

ಈ ಕಥೆಯಲ್ಲಿ ನನ್ನಂಥ ಗೃಹಿಣಿಯ ಕಣ್ಣು ಥಟ್ಟನೆ ನಿಲ್ಲುವುದು ಅಕ್ಕ ಮಾರ್ಗರೆಟ್ ಅವರ ಮೇಲೆ. ತಂಡಕ್ಕೆ ಹೆಸರು ಹುಡುಕುತ್ತಿದ್ದಾಗ, ಮನೆಯ ಹೊಲಿಗೆಯಂತ್ರದ ಮೇಲೆ ಬರೆದಿದ್ದ 'ಎಸಿ ಡಿಸಿ' ಎಂಬ ಅಕ್ಷರಗಳನ್ನು ಸೂಚಿಸಿದವರು ಅವರೇ. ಎರಡು ಬಗೆಯ ವಿದ್ಯುತ್ತಿನಲ್ಲಿಯೂ ಓಡಬಲ್ಲ ಯಂತ್ರವೆಂಬುದಷ್ಟೇ ಅದರ ಅರ್ಥ. ಆ್ಯಂಗಸ್ ಅವರ ವೇಷದ ಪ್ರಶ್ನೆ ಬಂದಾಗಲೂ ಉತ್ತರ ದೊರೆತದ್ದು ಅಕ್ಕನಿಂದಲೇ. ಸ್ಪೈಡರ್‌ಮ್ಯಾನ್ ಆಯಿತು, ಜೋರೋ ಆಯಿತು, ಯಾವುದೂ ಒಪ್ಪಲಿಲ್ಲ. ಶಾಲೆಯಿಂದ ಬಂದ ತಮ್ಮ ಬಟ್ಟೆಯನ್ನೂ ಬದಲಿಸದೆ ಗಿಟಾರ್ ಹಿಡಿದು ಕೂರುತ್ತಿದ್ದುದನ್ನು ನೋಡಿದ್ದ ಅಕ್ಕ, ಆ ಶಾಲೆಯ ಸಮವಸ್ತ್ರವನ್ನೇ ತೊಟ್ಟು ವೇದಿಕೆ ಏರಬಾರದೇಕೆ ಎಂದರು. ಚಡ್ಡಿ, ಕೋಟು, ಟೈ, ಟೋಪಿ: ಅರ್ಧ ಶತಮಾನದ ಬಳಿಕ, ಎಪ್ಪತ್ತು ವರ್ಷದ ಅಜ್ಜನಾದ ಮೇಲೂ, ಆ್ಯಂಗಸ್ ಅವರು ಆ ಸಮವಸ್ತ್ರವನ್ನು ಬಿಟ್ಟಿಲ್ಲ. ಸಂಗೀತ ಕಂಪನಿಗಳು ಇಂಥ ಸಲಹೆಗೆ ಲಕ್ಷಗಟ್ಟಲೆ ವೆಚ್ಚ ಮಾಡುತ್ತವೆ. ಇಲ್ಲಿ ಅದು ಅಡುಗೆಮನೆಯ ಪಕ್ಕದಲ್ಲಿ ಪುಕ್ಕಟೆಯಾಗಿ ದೊರೆಯಿತು.

ಮುಂದಿನ ದಿನಗಳನ್ನು ಅರ್ಥಮಾಡಿಕೊಳ್ಳಲು ನಮ್ಮ ಕರಾವಳಿಯ ಯಕ್ಷಗಾನ ಮೇಳಗಳ ತಿರುಗಾಟವನ್ನು ನೆನೆದರೆ ಸಾಕು. ಇಂದು ಒಂದೂರು, ನಾಳೆ ಇನ್ನೊಂದೂರು. ಪೆಟ್ಟಿಗೆ ಹೊರುವುದು, ಬಿಚ್ಚುವುದು, ಕಟ್ಟುವುದು. ಆಟ ಮುಗಿದ ಮೇಲೆ ನಿದ್ದೆಗೆಟ್ಟ ಪ್ರಯಾಣ. ಇಲ್ಲಿಯ ತಂಡಗಳ ತಿರುಗಾಟ ಬಡಾವಣೆಯ ಪಬ್ಬುಗಳಲ್ಲಿ, ಶಾಲಾ ಸಭಾಂಗಣಗಳಲ್ಲಿ ನಡೆಯುತ್ತಿತ್ತು. ದುಡಿದು ದಣಿದು ಬಂದ ಕಾರ್ಮಿಕರು ಮೆಚ್ಚದಿದ್ದರೆ ಮುಖದ ಮೇಲೆಯೇ ಹೇಳುತ್ತಿದ್ದರು. ತಂಡದಲ್ಲಿ ಡ್ರಮ್ಸ್ ಬಾರಿಸುವವರು, ಬೇಸ್ ನುಡಿಸುವವರು ಮತ್ತೆ ಮತ್ತೆ ಬದಲಾದರು. ಅಗತ್ಯ ಬಿದ್ದಾಗ ಅಣ್ಣ ಜಾರ್ಜ್ ಅವರೇ ಬೇಸ್ ಹಿಡಿದು ನಿಂತದ್ದುಂಟು. 1974ರಲ್ಲಿ ಮೊದಲ ಗಾಯಕರು ಹೊರಹೋಗಿ ಬಾನ್ ಸ್ಕಾಟ್ ಅವರು ಬಂದರು.

ಬಾನ್ ಅವರೂ ವಲಸೆಯ ಕೂಸು. ಸ್ಕಾಟ್ಲೆಂಡಿನಲ್ಲಿ 1946ರಲ್ಲಿ ಹುಟ್ಟಿ, ಆರನೆಯ ವಯಸ್ಸಿಗೆ ಮೆಲ್ಬರ್ನಿನ ಸನ್‌ಷೈನ್ ಬಡಾವಣೆಗೆ ಬಂದವರು; 1956ರಲ್ಲಿ ಕುಟುಂಬ ಪಶ್ಚಿಮ ತೀರದ ಫ್ರೀಮ್ಯಾಂಟಲ್ಲಿಗೆ ಸರಿಯಿತು. ಎಸಿ ಡಿಸಿ ಸೇರುವ ಮೊದಲು ಅವರು ಬೇರೆ ಬೇರೆ ತಂಡಗಳಲ್ಲಿ ಎಂಟು ಹತ್ತು ವರ್ಷ ಸವೆಸಿದ್ದರು. ಅವುಗಳಲ್ಲಿ ಒಂದು ಇಂಗ್ಲೆಂಡಿನವರೆಗೂ ಹೋಗಿ ಬರಿಗೈಯಲ್ಲಿ ಮರಳಿತ್ತು. ಮೋಟಾರ್ ಸೈಕಲ್ ಅಪಘಾತದಲ್ಲಿ ಸಾವಿನ ದವಡೆಯಿಂದ ಪಾರಾಗಿ ಬಂದಿದ್ದರು. ಅಂಥವರಿಗೆ ಇಪ್ಪತ್ತೆಂಟರ ವಯಸ್ಸಿನಲ್ಲಿ, ತಮಗಿಂತ ಕಿರಿಯರಾದ ಸಹೋದರರ ತಂಡದಲ್ಲಿ ನೆಲೆ ಸಿಕ್ಕಿತು. ತಂಡ ಮೆಲ್ಬರ್ನಿಗೆ ಹೋಗಿ ಈಸ್ಟ್ ಸೇಂಟ್ ಕಿಲ್ಡಾದಲ್ಲಿ ಬಾಡಿಗೆ ಮನೆ ಹಿಡಿಯಿತು. 1975ರ ಒಂದೇ ವರ್ಷದಲ್ಲಿ ಎರಡು ಧ್ವನಿಮುದ್ರಿಕೆಗಳು ಹೊರಬಂದವು. ಸಿಡ್ನಿಯ ಆಲ್ಬರ್ಟ್ ಸಂಸ್ಥೆಯಲ್ಲಿ ಅವುಗಳನ್ನು ನಿರ್ಮಿಸಿದವರು ಜಾರ್ಜ್ ಮತ್ತು ಹ್ಯಾರಿ. ವಸತಿಗೃಹದ ಗೆಳೆತನ ಹತ್ತು ವರ್ಷಗಳ ಬಳಿಕ ಫಲ ಕೊಟ್ಟಿತು.

1976ರ ಫೆಬ್ರವರಿಯಲ್ಲಿ ಮೆಲ್ಬರ್ನಿನ ಸ್ವಾನ್‌ಸ್ಟನ್ ಬೀದಿಯಲ್ಲಿ ಒಂದು ತೆರೆದ ಲಾರಿ ನಿಧಾನವಾಗಿ ಸಾಗಿತು. ಅದರ ಮೇಲೆ ತಂಡ ನಿಂತು 'ಇಟ್ಸ್ ಎ ಲಾಂಗ್ ವೇ ಟು ದ ಟಾಪ್' ಎಂಬ ಹಾಡನ್ನು ನುಡಿಸಿತು. ದೂರದರ್ಶನಕ್ಕಾಗಿ ಅದನ್ನು ಚಿತ್ರೀಕರಿಸಲಾಯಿತು. ತುತ್ತತುದಿಗೆ ಹೋಗುವ ದಾರಿ ಬಲು ಉದ್ದವೆಂಬ ಹಾಡು, ಅದನ್ನು ಹಾಡಿದವರು ಇನ್ನೂ ದಾರಿಯ ನಡುವೆಯೇ ಇದ್ದಾಗ ಹುಟ್ಟಿದ್ದೆಂಬುದು ಗಮನಾರ್ಹ. ಆ ಹಾಡಿನ ನಡುವೆ ರಾಕ್ ಸಂಗೀತದಲ್ಲಿ ಯಾರೂ ನಿರೀಕ್ಷಿಸದ ವಾದ್ಯವೊಂದು ಕೇಳಿಸುತ್ತದೆ: ಚೀಲಕ್ಕೆ ಗಾಳಿಯೂದಿ ನುಡಿಸುವ ಸ್ಕಾಟ್ಲೆಂಡಿನ ಬ್ಯಾಗ್‌ಪೈಪ್. ಅಜ್ಜಂದಿರ ನಾಡಿನ ವಾದ್ಯ. ಬಾನ್ ಅವರು ಬಾಲ್ಯದಲ್ಲಿ ಫ್ರೀಮ್ಯಾಂಟಲ್ಲಿನ ಪೈಪ್ ಮೇಳದಲ್ಲಿ ಡ್ರಮ್ ಬಾರಿಸಿದವರೇ ಹೊರತು ಪೈಪ್ ಊದಿದವರಲ್ಲ. ಹಾಡಿಗಾಗಿ ಅದನ್ನೂ ಕಲಿತರು. ಹೊಸ ನಾಡಿನ ಸಂಗೀತಕ್ಕೆ ಹಳೆಯ ನಾಡಿನ ಉಸಿರು ಬೆರೆತಾಗ ಆ ಹಾಡು ಆಸ್ಟ್ರೇಲಿಯಾದ್ದೇ ಆಗಿ ಉಳಿಯಿತು. 2025ರ ನವೆಂಬರಿನಲ್ಲಿ ತಂಡ ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ ನುಡಿಸಿದಾಗ, ನಗರದ ಫೆಡರೇಷನ್ ಚೌಕದಲ್ಲಿ ಮುನ್ನೂರಕ್ಕೂ ಹೆಚ್ಚು ಮಂದಿ ಬ್ಯಾಗ್‌ಪೈಪ್ ವಾದಕರು ನೆರೆದು ಅದೇ ಹಾಡನ್ನು ಒಕ್ಕೊರಲಿನಿಂದ ನುಡಿಸಿದರು.

ಇಲ್ಲಿಗೆ ಕಷ್ಟ ತೀರಿತೆಂದುಕೊಳ್ಳಬಾರದು. 1976ರ ಏಪ್ರಿಲಿನಲ್ಲಿ ಲಂಡನ್ನಿಗೆ ಹೋದ ತಂಡ ಅಲ್ಲಿ ಮತ್ತೆ ಒಂದನೆಯ ತರಗತಿಯಿಂದ ಆರಂಭಿಸಿತು. ಹ್ಯಾಮರ್‌ಸ್ಮಿತ್ತಿನ ರೆಡ್ ಕೌ ಎಂಬ ಪುಟ್ಟ ಪಬ್ಬಿನಲ್ಲಿ ನುಡಿಸಿತು. ಅದೇ ವರ್ಷದ ಧ್ವನಿಮುದ್ರಿಕೆಯನ್ನು ಅಮೆರಿಕದಲ್ಲಿ ಬಿಡುಗಡೆ ಮಾಡಲು ಅಲ್ಲಿಯ ಕಂಪನಿ ನಿರಾಕರಿಸಿತು. ತಾಯ್ನೆಲವಾದ ಆಸ್ಟ್ರೇಲಿಯಾಕ್ಕೆ ಮರಳಿ ಪ್ರವಾಸ ಕೈಗೊಂಡರೆ, ಹಾಡುಗಳು ಅಶ್ಲೀಲವೆಂಬ ಕೂಗಿನ ಕಾರಣದಿಂದ ಕೆಲವು ಊರುಗಳಲ್ಲಿ ಕಛೇರಿಗೆ ಅಡ್ಡಿ ಬಂತು. ಮುಂದೆ ಓಣಿಗೆ ಹೆಸರಿಟ್ಟ ನಾಡು ಅಂದು ಸಭಾಂಗಣದ ಬೀಗ ತೆಗೆಯಲು ಹಿಂಜರಿಯಿತು. 1979ರ 'ಹೈವೇ ಟು ಹೆಲ್' ಧ್ವನಿಮುದ್ರಿಕೆಯಿಂದ ಅಮೆರಿಕದಲ್ಲಿ ಮೊದಲ ದೊಡ್ಡ ಯಶಸ್ಸು ಕಂಡಾಗ ತಂಡಕ್ಕೆ ಆರು ವರ್ಷ ತುಂಬುತ್ತಿತ್ತು.

ಅದರ ಮರುವರ್ಷವೇ ಸಿಡಿಲೆರಗಿತು. 1980ರ ಫೆಬ್ರವರಿ 19ರಂದು ಬಾನ್ ಸ್ಕಾಟ್ ಅವರು ಲಂಡನ್ನಿನಲ್ಲಿ ತೀರಿಕೊಂಡರು. ವಯಸ್ಸು 33. ಕಾರಣ ಅತಿಯಾದ ಮದ್ಯಪಾನ. ಮಕ್ಕಳು ಗಿಟಾರ್ ಹಿಡಿದಾಗ ತಾಯಂದಿರ ಎದೆಯಲ್ಲಿ ಹುಟ್ಟುವ ಅಳುಕು ಹುರುಳಿಲ್ಲದ್ದಲ್ಲ ಎಂದು ಈ ಸಾವು ಹೇಳುತ್ತದೆ. ಇರುಳಿನ ಬದುಕು, ಕುಡಿತದ ನೆರೆ, ನಿಲ್ಲದ ಪ್ರಯಾಣ ಇವು ಮನುಷ್ಯನನ್ನು ತಿನ್ನುತ್ತವೆ. ಯಶಸ್ಸಿನ ಕಥೆ ಹೇಳುವಾಗ ಇದನ್ನು ಮುಚ್ಚಿಡುವುದು ಸಲ್ಲದು. ತಂಡವನ್ನೇ ವಿಸರ್ಜಿಸಲು ಸಹೋದರರು ಯೋಚಿಸಿದ್ದರು. ಮುಂದುವರಿಯಿರೆಂದು ಹೇಳಿದವರು ಮಗನನ್ನು ಕಳೆದುಕೊಂಡ ಬಾನ್ ಅವರ ತಂದೆತಾಯಿಗಳು. ಆ ದಂಪತಿಗಳ ಹೃದಯ ವೈಶಾಲ್ಯವನ್ನು ಅಳೆಯುವ ಮಾನದಂಡ ನನ್ನಲ್ಲಿಲ್ಲ. ಐದು ತಿಂಗಳಲ್ಲಿ, ಬ್ರಯನ್ ಜಾನ್ಸನ್ ಅವರ ಗಾಯನದಲ್ಲಿ, 'ಬ್ಯಾಕ್ ಇನ್ ಬ್ಲ್ಯಾಕ್' ಹೊರಬಂದಿತು. ಶೋಕದ ಗುರುತಾಗಿ ಹೊದಿಕೆ ಕಪ್ಪು. ಆರಂಭದಲ್ಲಿ ಗಂಟೆಯ ಮೊಳಗು. ಜಗತ್ತಿನಲ್ಲಿ ಅತ್ಯಧಿಕ ಮಾರಾಟವಾದ ಧ್ವನಿಮುದ್ರಿಕೆಗಳ ಸಾಲಿನಲ್ಲಿ ಅದು ಇಂದಿಗೂ ನಿಂತಿದೆ. ಅಮೆರಿಕದ ಕಂಪನಿ ಹಿಂದೆ ತಳ್ಳಿದ್ದ 1976ರ ಧ್ವನಿಮುದ್ರಿಕೆಯೂ 1981ರಲ್ಲಿ ಅಲ್ಲಿ ಬಿಡುಗಡೆಯಾಗಿ ಬಿಸಿ ದೋಸೆಯಂತೆ ಖರ್ಚಾಯಿತು.

ಇದು ಪರರ ಕಥೆ, ನಮಗೇನು ಎಂದು ಕೇಳುವವರಿಗೆ ನಮ್ಮದೇ ನಿದರ್ಶನವಿದೆ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಅವರು ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಸ್ವರ್ಣಪದಕ ಪಡೆದ ಸ್ನಾತಕೋತ್ತರ ಪದವೀಧರರು. ಭರತನಾಟ್ಯದಲ್ಲಿ ವಿದ್ವತ್ ಮುಗಿಸಿದವರು. ಬೆಲ್ಜಿಯಂನಲ್ಲಿದ್ದ ಉದ್ಯೋಗವನ್ನು ತೊರೆದು ಹಾಡಿಗೆ ಮರಳಿದರು. ಸಂತ ಶಿಶುನಾಳ ಶರೀಫರ ತತ್ತ್ವಪದಗಳನ್ನು ಸಿ. ಅಶ್ವತ್ಥ್ ಅವರು ಆ ಮೊದಲೇ ಮನೆಮನೆಗೆ ಮುಟ್ಟಿಸಿದ್ದರು. ರಘು ಅವರು ಅವುಗಳಲ್ಲಿ ಕೆಲವನ್ನು ಗಿಟಾರ್ ಮತ್ತು ಡ್ರಮ್ಸ್‌ಗಳ ನಡುವೆ ನಿಲ್ಲಿಸಿದರು. ಧ್ವನಿಮುದ್ರಣ ಕಂಪನಿಗಳ ಬಾಗಿಲುಗಳನ್ನು ವರ್ಷಗಟ್ಟಲೆ ತಟ್ಟಿದರೂ ಒಂದೂ ತೆರೆಯಲಿಲ್ಲ. ಕೊನೆಗೆ ಮುಂಬಯಿಯ ಚಲನಚಿತ್ರ ಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್ ಅವರು ತಮ್ಮದೇ ಸಂಸ್ಥೆಯಿಂದ 2008ರಲ್ಲಿ ಮೊದಲ ಧ್ವನಿಮುದ್ರಿಕೆಯನ್ನು ಹೊರತಂದರು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲಂಡ್ ಅವರ ಕಾರ್ಯಕ್ರಮದಲ್ಲಿ ತಂಡ ನುಡಿಸಿತು. 2011ರಲ್ಲಿ ಬ್ರಿಟನ್ನಿನ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸ ಕಲಾವಿದರ ಪ್ರಶಸ್ತಿ ಬಂತು. ಉಟ್ಟ ಲುಂಗಿ, ಕಾಲಿನ ಗೆಜ್ಜೆ, ಕನ್ನಡದ ಸಾಲು ಯಾವುದನ್ನೂ ಅವರು ಬಿಟ್ಟುಕೊಡಲಿಲ್ಲ. ಅಲ್ಲಿ ಬ್ಯಾಗ್‌ಪೈಪ್ ಮಾಡಿದ ಕೆಲಸವನ್ನೇ ಇಲ್ಲಿ ಶರೀಫರ ಪದ ಮಾಡಿತು. ಎರಡು ಕಥೆಗಳಲ್ಲಿಯೂ ಜನ ಮೆಚ್ಚಿದ್ದು ಕಲಾವಿದರು ಮನೆಯಿಂದ ತಂದ ವಸ್ತುವನ್ನೇ. ಮೆಚ್ಚುವವರೆಗೆ ಕಾಯುವ ಶಕ್ತಿ ಬೇಕಾಯಿತು, ಅಷ್ಟೆ.

ಆ ಕಾಯುವ ಶಕ್ತಿ ಎಲ್ಲಿಂದ ಬರುತ್ತದೆ? ಕಲಾವಿದನ ಎದೆಯಿಂದ ಮಾತ್ರ ಬರುವುದಿಲ್ಲ. ಸದ್ದನ್ನು ಸಹಿಸುವ ಒಂದು ಮನೆ, ದಾರಿ ಬಲ್ಲ ಒಬ್ಬ ಅಣ್ಣ, ಕಣ್ಣಿಟ್ಟು ನೋಡುವ ಒಬ್ಬ ಅಕ್ಕ, ಸಣ್ಣ ಸಂಭಾವನೆ ಕೊಟ್ಟು ಪೂರ್ತಿ ಹೊತ್ತು ನುಡಿಸಲು ಬಿಡುವ ಹತ್ತಾರು ಪುಟ್ಟ ವೇದಿಕೆಗಳು: ಎಸಿ ಡಿಸಿಗೆ ಏಳು ವರ್ಷ ಅನ್ನ ನೀರು ಕೊಟ್ಟದ್ದು ಇವು. ಪ್ರತಿಭೆ ಬೀಜವಾದರೆ ಇವು ನೆಲ.

ಮಾರ್ಸ್ಡನ್ ಪಾರ್ಕಿನಂಥ ಹೊಸ ಬಡಾವಣೆಗಳಲ್ಲಿ ಆ ನೆಲ ಬಲು ಕಿರಿದು. ಮನೆಗೂ ಮನೆಗೂ ನಡುವೆ ಕೈ ಚಾಚುವಷ್ಟೇ ಅಂತರ. ನಮ್ಮ ಬೀದಿಯ ಒಂದು ಗ್ಯಾರೇಜಿನಲ್ಲಿ ಶನಿವಾರ ಮಧ್ಯಾಹ್ನ ನಾಲ್ವರು ಕನ್ನಡದ ಮಕ್ಕಳು ಸೇರುತ್ತಾರೆ. ಒಂದು ಕಡೆ ಸೋನಾಮಸೂರಿ ಅಕ್ಕಿಯ ಚೀಲ, ಇನ್ನೊಂದು ಕಡೆ ಹೆಚ್ಚುವರಿ ಫ್ರಿಜ್, ನಡುವೆ ಡ್ರಮ್ಸ್. ನೆರೆಯವರ ಆಕ್ಷೇಪ ಬಂದ ಮೇಲೆ ಗೋಡೆಗೆ ಹಳೆಯ ಹಾಸಿಗೆಗಳನ್ನು ಒರಗಿಸಿದ್ದಾರೆ. ಪರೀಕ್ಷೆ ಸಮೀಪಿಸಿದಾಗ ಡ್ರಮ್ಸ್ ಮೂಲೆ ಸೇರುತ್ತದೆ. ಪರೀಕ್ಷೆ ಮುಗಿದ ಮೇಲೆ ಎಷ್ಟೋ ಮನೆಗಳಲ್ಲಿ ಅದು ಮೂಲೆಯಿಂದ ಮತ್ತೆ ಹೊರಬರುವುದೇ ಇಲ್ಲ. ಓದಿಗೂ ಹಾಡಿಗೂ ವೈರವಿಲ್ಲವೆಂದು ಸ್ವರ್ಣಪದಕದ ಮೈಸೂರಿನ ಹುಡುಗನೂ, ಕಾರ್ಖಾನೆಯಲ್ಲಿ ದುಡಿದ ಬರ್ವುಡ್ಡಿನ ಹುಡುಗನೂ ತೋರಿಸಿಕೊಟ್ಟಿದ್ದಾರೆ. ವೈರವಿರುವುದು ನಮ್ಮ ಆತುರಕ್ಕೆ.

ನಮ್ಮ ಸಮ್ಮೇಳನಗಳಲ್ಲಿ ಈ ಮಕ್ಕಳಿಗೆ ದೊರೆಯುವುದೇನು? ತಾಯ್ನಾಡಿನಿಂದ ಬಂದ ಖ್ಯಾತರಿಗೆ ಮುಖ್ಯ ವೇದಿಕೆ, ಹಾರ, ಶಾಲು, ವಿಮಾನದ ಟಿಕೆಟ್ಟು, ಅದು ಉಚಿತವೇ. ಇಲ್ಲಿ ಬೆಳೆದವರಿಗೆ ಎಂಟು ಹತ್ತು ನಿಮಿಷ, ಅದೂ ಸನ್ಮಾನ ಸಮಾರಂಭಕ್ಕೂ ಊಟಕ್ಕೂ ನಡುವೆ. ಧ್ವನಿವರ್ಧಕ ಸರಿಪಡಿಸುವುದರಲ್ಲಿಯೇ ಅರ್ಧ ಹೊತ್ತು ಕಳೆಯುತ್ತದೆ. ಹಾಡು ಕುದುರುವಷ್ಟರಲ್ಲಿ ನಿರೂಪಕರು ಗಡಿಯಾರ ತೋರಿಸುತ್ತಾರೆ. ಖ್ಯಾತರಾದ ಮೇಲೆ ಕರೆದು ಮೆರೆಸುವುದು ಸುಲಭ. ಖ್ಯಾತರಾಗುವ ಮುನ್ನ ಕುಳಿತು ಕೇಳುವವರು ಬೇಕು.

ಬರ್ವುಡ್ಡಿನ ಯಂಗ್ ಕುಟುಂಬದ ಮನೆಯನ್ನು ಪಾರಂಪರಿಕ ಕಟ್ಟಡಗಳ ಸಂರಕ್ಷಣಾ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್ ತನ್ನ ಪಟ್ಟಿಗೆ ಸೇರಿಸಿಕೊಂಡಿತ್ತು. ಹಾಗಿದ್ದೂ ಅದನ್ನು ಹೊಸ ನಿರ್ಮಾಣಕ್ಕಾಗಿ ಕೆಡವಲಾಯಿತೆಂಬ ಸುದ್ದಿ 2025ರ ಆರಂಭದಲ್ಲಿ ಬಂದಿತು. ಅಭಿಮಾನಿಗಳು ಇಟ್ಟಿಗೆಗಳಿಗಾಗಿ ಹಂಬಲಿಸಿದರು. ಮಾಲ್ಕಮ್ ಮತ್ತು ಜಾರ್ಜ್ ಇಬ್ಬರೂ 2017ರಲ್ಲಿ, ಒಂದು ತಿಂಗಳಿಗೂ ಕಡಿಮೆ ಅಂತರದಲ್ಲಿ ಅಗಲಿದ್ದರು. ಹಾಡು ನುಡಿದ ಊರಿನ ಓಣಿಗೆ ಹೆಸರು ಉಳಿಯಿತು. ಹಾಡು ಹುಟ್ಟಿದ ಮನೆ ಉಳಿಯಲಿಲ್ಲ. ಲೋಕದ ರೀತಿಯೇ ಹಾಗೆ. ಲೋಕ ಫಲವನ್ನು ನೆನೆಯುತ್ತದೆ, ನೀರೆರೆದ ಕೈಯನ್ನು ನೆನೆಯುವುದು ವಿರಳ. ನೆನೆಯದಿದ್ದರೂ ನೀರೆರೆಯುವ ಕೆಲಸ ಮನೆಯವರದೇ.

ಆದುದರಿಂದ ಸಮ್ಮೇಳನದ ಸಂಘಟಕರಲ್ಲಿಯೂ ಪ್ರತಿನಿಧಿ ಬಂಧುಗಳಲ್ಲಿಯೂ ನನ್ನ ವಿನಂತಿ ದೊಡ್ಡದೇನಲ್ಲ. ಪ್ರತಿಯೊಂದು ಸಮ್ಮೇಳನದಲ್ಲಿ ಇಲ್ಲಿ ಬೆಳೆದ ಒಂದು ತಂಡಕ್ಕಾದರೂ ಪೂರ್ತಿ ನಲವತ್ತು ನಿಮಿಷ ಕೊಡೋಣ. ಬೆಳಿಗ್ಗೆಯೇ ವೇದಿಕೆಯಲ್ಲಿ ಧ್ವನಿ ಪರೀಕ್ಷೆಗೆ ಅವಕಾಶ ಮಾಡಿಕೊಡೋಣ. ಮೊತ್ತ ಎಷ್ಟೇ ಚಿಕ್ಕದಾಗಿರಲಿ, ಲಕೋಟೆಯಲ್ಲಿಟ್ಟು ಸಂಭಾವನೆ ಕೊಡೋಣ. ದುಡಿಮೆಗೆ ಬೆಲೆಯಿದೆಯೆಂದು ಮಕ್ಕಳಿಗೆ ತಿಳಿಯಲಿ. ಸಂಗೀತ ಮುದ್ರಣದ ಒಳಹೊರಗು ಬಲ್ಲವರು ನಮ್ಮಲ್ಲಿದ್ದರೆ ಜಾರ್ಜ್ ಅವರಂತೆ ಅಣ್ಣನ ಸ್ಥಾನದಲ್ಲಿ ನಿಲ್ಲಲಿ. ಮನೆಯಲ್ಲಿ ವಾರಕ್ಕೆರಡು ಗಂಟೆ ಗ್ಯಾರೇಜನ್ನು ಬಿಟ್ಟುಕೊಡೋಣ. ನೆರೆಯವರಿಗೆ ವೇಳೆ ತಿಳಿಸಿ, ಒಂದು ಡಬ್ಬಿ ಮೈಸೂರುಪಾಕನ್ನೂ ಜೊತೆಗೊಯ್ದರೆ ಅರ್ಧ ಜಗಳ ಅಲ್ಲಿಯೇ ಕರಗುತ್ತದೆ. ಹುಡುಗರು ಎಲ್ಲಿ ನುಡಿಸುತ್ತಾರೆ, ಯಾರೊಡನೆ ಮರಳುತ್ತಾರೆ ಎಂಬುದನ್ನೂ ವಿಚಾರಿಸೋಣ. ಬಾನ್ ಅವರ ಅಂತ್ಯ ಅಷ್ಟನ್ನು ನಮಗೆ ಕಲಿಸಲಿ.

ಇವರಲ್ಲಿ ಎಲ್ಲರೂ ಎಸಿ ಡಿಸಿ ಆಗುವುದಿಲ್ಲ. ಬಹುಪಾಲು ಮಂದಿ ವೈದ್ಯರೋ ಲೆಕ್ಕಿಗರೋ ಆಗಿ, ವಾರಾಂತ್ಯದಲ್ಲಿ ಗಿಟಾರ್ ಎತ್ತಿಕೊಳ್ಳುವವರಾಗುತ್ತಾರೆ. ಅದೂ ಚೆಲುವಾದ ಬದುಕೇ. ಒಬ್ಬನೋ ಒಬ್ಬಳೋ ಮುಂದೆ ಹೋಗಬಹುದು. ಯಾರೆಂದು ಇಂದು ಹೇಳಬಲ್ಲವರಿಲ್ಲ. ಬರ್ಲೆ ಬೀದಿಯ ನೆರೆಹೊರೆಯವರಿಗೂ ಅಂದು ತಿಳಿದಿರಲಿಲ್ಲ.

ಈ ಸಂಪುಟದೊಡನೆ ತಮ್ಮ ಕೈ ಸೇರಿರುವ ಕಾರ್ಯಕ್ರಮ ಪಟ್ಟಿಯನ್ನೊಮ್ಮೆ ತೆರೆದು ನೋಡಿ. ನಮ್ಮ ಮಕ್ಕಳ ತಂಡದ ವೇಳೆ ಊಟದ ವೇಳೆಗೆ ತಾಗಿಕೊಂಡೇ ಇದ್ದೀತು. ಅಂದು ಊಟದ ಸಾಲಿಗೆ ಅರ್ಧ ಗಂಟೆ ತಡವಾಗಿ ಹೋದರೆ ಹೋಳಿಗೆ ತೀರಿಹೋಗುವುದಿಲ್ಲ.